ಮನೆಯ ಯಂತ್ರಗಳು: ಕಿಡಿ ಕಾಣದ ಮೋಟಾರು ಸೈಕಲ್ಲು

ನಮ್ಮ ನಾಡಿನ ಅನೇಕ ಮನೆಗಳಲ್ಲಿ ಹಿತ್ತಿಲಿನ ಮಾಡಿನ ಕೆಳಗೋ ಮೆಟ್ಟಿಲ ಮರೆಯಲ್ಲೋ ಒಂದು ಹಳೆಯ ಮೋಟಾರು ಸೈಕಲ್ಲು ಗೋಣಿಯ ಹೊದಿಕೆಯನ್ನು ಹೊದ್ದು ನಿಂತಿರುವುದುಂಟು. ಮನೆಯ ಹಿರಿಯರು ತಮ್ಮ ಯೌವನದಲ್ಲಿ ಕೊಂಡದ್ದು. ಮಕ್ಕಳನ್ನು ಶಾಲೆಗೆ ಮುಟ್ಟಿಸಿದ್ದು. ಅಪರಾತ್ರಿಯಲ್ಲಿ ವೈದ್ಯರನ್ನು ಮನೆಗೆ ಕರೆತಂದದ್ದು. ಅದನ್ನು ಮಾರಲು ಮನಸ್ಸು ಬಾರದು. ಓಡಿಸೋಣವೆಂದರೆ ಅದು ಓಡದು. ಗ್ಯಾರೇಜಿಗೆ ತಳ್ಳಿಕೊಂಡು ಹೋದರೆ ಈ ತಿಂಗಳು ಕಾಯಿಲ್, ಬರುವ ತಿಂಗಳು ಬ್ಯಾಟರಿ, ಅನಂತರ ಡೈನಮೋ ಎಂದು ಹಣವು ಕರಗುತ್ತ ಹೋಗುವುದು. ಕಡೆಗೊಂದು ದಿನ ಮನೆಯವರು ಬೇಸತ್ತು ಅದನ್ನು ಗುಜರಿಯವನಿಗೆ ತೂಕದ ಲೆಕ್ಕದಲ್ಲಿ ಕೊಟ್ಟುಬಿಡುವರು. ಹೀಗೆ ತಕ್ಕಡಿಯನ್ನೇರಿದ ವಾಹನಗಳಲ್ಲಿ ಎಷ್ಟರದೋ ರೋಗವು ತುಕ್ಕು ಹಿಡಿದ ಒಂದು ತಿರುಪಿನಲ್ಲಿಯೋ ಇಲಿ ಕಡಿದ ಒಂದು ತಂತಿಯಲ್ಲಿಯೋ ಅಡಗಿದ್ದಿರಬೇಕೆಂಬುದು ನಮ್ಮ ನಂಬುಗೆ.

ಆದುದರಿಂದ ಈ ಸಂಚಿಕೆಯಲ್ಲಿ ನಾವು ಹೇಳಬೇಕೆಂದಿರುವ ಮಾತು ಒಂದೇ. ಊಹೆಯಿಂದ ಬಿಡಿಭಾಗಗಳನ್ನು ಬದಲಾಯಿಸಕೂಡದು. ವಿದ್ಯುತ್ತು ನಡೆಯುವ ದಾರಿಯನ್ನು ಮೊದಲಿನಿಂದ ಕಡೆಯವರೆಗೆ ಕ್ರಮವಾಗಿ ಪರೀಕ್ಷಿಸುತ್ತ ಹೋಗಬೇಕು. ಎತ್ತು ಈಯಿತೆಂದರೆ ಕೊಟ್ಟಿಗೆಗೆ ಕಟ್ಟೆಂದವನಂತೆ, ಗಾಡಿ ನಿಂತಿತೆಂದೊಡನೆ ಹೊಸ ಕಾಯಿಲ್ ತರಹೋಗುವವನು ಹಣವನ್ನೂ ಕಾಲವನ್ನೂ ಕಳೆದುಕೊಳ್ಳುವನು. ಕ್ರಮವನ್ನು ಬಲ್ಲ ಗೃಹಸ್ಥನಿಗಾದರೋ ಒಂದು ಚಿಕ್ಕ ಬಲ್ಬು, ಎರಡು ತುಂಡು ತಂತಿ, ಒಂದು ಭಾನುವಾರದ ಬೆಳಗು ಇಷ್ಟು ಸಾಕು.

ಉದಾಹರಣೆಗಾಗಿ ನಮ್ಮ ವಾಚಕರಿಗೆಲ್ಲ ಪರಿಚಿತವಾದ ಜಾವಾ ಹಾಗೂ ಯೆಜ್ಡಿ ವಾಹನಗಳನ್ನೇ ತೆಗೆದುಕೊಳ್ಳುವೆವು. ಜಾವಾ ಎಂಬುದು ಮೂಲತಃ ಚೆಕೊಸ್ಲೊವಾಕಿಯಾ ದೇಶದ್ದು. ೧೯೨೯ರಲ್ಲಿ ಯಾನೆಚೆಕ್ ಎಂಬ ಯಂತ್ರೋದ್ಯಮಿಯು ವಾಂಡರರ್ ಎಂಬ ಜರ್ಮನ್ ಕಂಪೆನಿಯ ಮೋಟಾರು ಸೈಕಲ್ಲಿನ ಹಕ್ಕನ್ನು ಪಡೆದು ಅದನ್ನು ತಯಾರಿಸಲಾರಂಭಿಸಿದನು. ಆ ಎರಡು ಹೆಸರುಗಳ ಮೊದಲ ಅಕ್ಷರಗಳು ಕೂಡಿ ಜಾವಾ ಎಂದಾಯಿತು. ೧೯೬೧ರಲ್ಲಿ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಈ ವಾಹನಗಳ ತಯಾರಿಕೆಯು ಮೊದಲಾಗಿ, ಮುಂದೆ ಎಪ್ಪತ್ತರ ದಶಕದಲ್ಲಿ ಯೆಜ್ಡಿ ಎಂಬ ಹೆಸರನ್ನು ತಾಳಿ, ೧೯೯೬ರಲ್ಲಿ ಕಾರ್ಖಾನೆಯು ಮುಚ್ಚುವವರೆಗೂ ನಡೆಯಿತು. ೨೦೧೮ರಿಂದ ಈಚೆಗೆ ಇವೇ ಹೆಸರುಗಳಲ್ಲಿ ಹೊಸ ವಾಹನಗಳು ಬಂದಿರುವುವಾದರೂ ಅವುಗಳ ವಿದ್ಯುತ್ ವ್ಯವಸ್ಥೆಯೇ ಬೇರೆ. ಇಲ್ಲಿ ಹೇಳುವುದೆಲ್ಲ ಪಾಯಿಂಟು, ಕಾಯಿಲ್, ಆರು ವೋಲ್ಟಿನ ಬ್ಯಾಟರಿಗಳುಳ್ಳ ಹಳೆಯ ವಾಹನಗಳಿಗೆ ಮಾತ್ರ ಅನ್ವಯಿಸುವುದೆಂದು ತಿಳಿಯತಕ್ಕದ್ದು.

ಕಿಡಿಯು ಹುಟ್ಟುವ ಬಗೆ

ದಾರಿಯನ್ನು ಅರಿಯದೆ ದಾರಿಹೋಕನನ್ನು ಹುಡುಕಲಾಗದು. ಬ್ಯಾಟರಿಯು ನಮ್ಮ ರೈತರ ಹಗೇವಿನಂತೆ. ಡೈನಮೋ ದುಡಿದು ತಂದದ್ದನ್ನು ತುಂಬಿಟ್ಟುಕೊಂಡು ಬೇಕಾದಾಗ ಕೊಡುವುದು. ಅಲ್ಲಿಂದ ಹೊರಟ ವಿದ್ಯುತ್ತು ಫ್ಯೂಸಿಗೆ ಬಂದು, ಕೀಲಿಯನ್ನು ದಾಟಿ, ಕಾಯಿಲನ್ನು ಹೊಕ್ಕು, ಅಲ್ಲಿಂದ ಪಾಯಿಂಟುಗಳಿಗೆ ಇಳಿದು, ಪಾಯಿಂಟುಗಳ ಮೂಲಕ ಇಂಜಿನ್ನಿನ ಮೈಯನ್ನು ಸೇರಿ, ವಾಹನದ ಚೌಕಟ್ಟಿನಲ್ಲಿ ಹರಿದು ಮರಳಿ ಬ್ಯಾಟರಿಗೆ ಬರುವುದು. ಹೋಗುವ ದಾರಿ ತಂತಿ. ಬರುವ ದಾರಿ ಕಬ್ಬಿಣದ ಮೈ. ಮೆಕ್ಯಾನಿಕ್ಕುಗಳು ಇದನ್ನೇ ಅರ್ತ್ ಎನ್ನುವರು. ಹೋಗುವ ದಾರಿಯನ್ನು ಎಲ್ಲರೂ ನೋಡುವರು. ಬರುವ ದಾರಿಯನ್ನು ನೋಡುವವರು ಕೆಲವರು ಮಾತ್ರ. ರೋಗವು ಹೆಚ್ಚಾಗಿ ಮನೆಮಾಡಿಕೊಂಡಿರುವುದು ಈ ಎರಡನೆಯ ದಾರಿಯಲ್ಲಿಯೇ.

ಪಾಯಿಂಟುಗಳು ಮುಚ್ಚಿಕೊಂಡಿರುವಾಗ ಕಾಯಿಲಿನ ದಪ್ಪ ತಂತಿಯ ಸುತ್ತುಗಳಲ್ಲಿ ವಿದ್ಯುತ್ತು ಹರಿದು ಒಳಗಿನ ಕಬ್ಬಿಣವು ಆಯಸ್ಕಾಂತವಾಗುವುದು. ಇಂಜಿನ್ನು ತಿರುಗಿ ಪಾಯಿಂಟುಗಳು ತಟಕ್ಕನೆ ತೆರೆದುಕೊಂಡೊಡನೆ ಆ ಪ್ರವಾಹವು ಕಡಿದುಹೋಗಿ, ಆಯಸ್ಕಾಂತಶಕ್ತಿಯು ಕುಸಿದು, ಅದರ ಪರಿಣಾಮವಾಗಿ ಕಾಯಿಲಿನಲ್ಲಿಯೇ ಸುತ್ತಿರುವ ನವುರಾದ ತಂತಿಯ ಸಾವಿರಾರು ಸುತ್ತುಗಳಲ್ಲಿ ಹತ್ತು ಸಾವಿರ ವೋಲ್ಟು ಮತ್ತು ಅದಕ್ಕೂ ಮೇಲ್ಪಟ್ಟ ಒತ್ತಡವು ಹುಟ್ಟುವುದು. ಅದು ಪ್ಲಗ್ಗಿನ ತುದಿಯಲ್ಲಿ ಗಾಳಿಯನ್ನು ಸೀಳಿ ಕಿಡಿಯಾಗಿ ಹಾರುವುದು. ೧೮೩೧ರಲ್ಲಿ ಇಂಗ್ಲೆಂಡಿನ ಮೈಕೇಲ್ ಫ್ಯಾರಡೆಯವರು ಕಂಡುಹಿಡಿದ ತತ್ವವೇ ಇಲ್ಲಿ ಕೆಲಸಮಾಡುವುದು. ಆ ತತ್ವವನ್ನು ಬ್ಯಾಟರಿ, ಕಾಯಿಲ್, ಪಾಯಿಂಟುಗಳ ಈ ರೂಪದಲ್ಲಿ ಮೋಟಾರು ವಾಹನಕ್ಕೆ ಅಳವಡಿಸಿ ರೂಢಿಗೆ ತಂದವರು ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಎಂಬವರು. ೧೯೧೦ರ ಮಾದರಿಯ ಕ್ಯಾಡಿಲಾಕ್ ಕಾರುಗಳಲ್ಲಿ ಅದು ಬಂದಿತು. ಎರಡು ಸ್ಟ್ರೋಕಿನ ಇಂಜಿನ್ನಿನಲ್ಲಿ ಪ್ರತಿಯೊಂದು ಸುತ್ತಿಗೂ ಒಂದು ಕಿಡಿ ಬೇಕು. ನಿಮಿಷಕ್ಕೆ ೩೦೦೦ ಸುತ್ತಿನ ವೇಗದಲ್ಲಿ ಸೆಕೆಂಡಿಗೆ ೫೦ ಕಿಡಿಗಳು. ಇಷ್ಟನ್ನು ಆ ಚಿಕ್ಕ ಪಾಯಿಂಟುಗಳು ವರ್ಷಗಟ್ಟಲೆ ನಡೆಸಿಕೊಂಡು ಬರುವುದನ್ನು ನೆನೆದರೆ, ಅವು ಒಮ್ಮೊಮ್ಮೆ ಮುನಿಯುವುದರಲ್ಲಿ ಆಶ್ಚರ್ಯವಿಲ್ಲ.

ಮೊದಲು ಪೆಟ್ರೋಲೋ ವಿದ್ಯುತ್ತೋ ಎಂಬುದು

ತಂತಿಗೆ ಕೈಯಿಡುವ ಮುನ್ನ ದೋಷವು ವಿದ್ಯುತ್ತಿನದೇ ಹೌದೇ ಎಂದು ನಿಶ್ಚಯಿಸಿಕೊಳ್ಳಬೇಕು. ಹತ್ತು ಸಲ ಕಿಕ್ಕರನ್ನು ಒದ್ದ ಮೇಲೆ ಪ್ಲಗ್ಗನ್ನು ಬಿಚ್ಚಿ ನೋಡಿರಿ. ಅದು ಒಣಗಿದ್ದರೆ ಪೆಟ್ರೋಲು ಬರುತ್ತಿಲ್ಲ. ಟ್ಯಾಂಕಿನ ನಲ್ಲಿಯನ್ನೂ ಕಾರ್ಬ್ಯುರೇಟರನ್ನೂ ನೋಡತಕ್ಕದ್ದು. ಅದು ತೋಯ್ದಿದ್ದರೆ ಪೆಟ್ರೋಲು ಬಂದಿದೆ, ಕಿಡಿಯು ಅದನ್ನು ಹೊತ್ತಿಸುತ್ತಿಲ್ಲ ಎಂದು ಬಹುಮಟ್ಟಿಗೆ ಹೇಳಬಹುದು.

ಈಗ ಕಿಡಿಯ ಪರೀಕ್ಷೆ. ಪೆಟ್ರೋಲಿನ ನಲ್ಲಿಯನ್ನು ಮುಚ್ಚಿ, ಚೆಲ್ಲಿದ್ದನ್ನು ಒರಸಿ, ವಾಹನವನ್ನು ಗಾಳಿಯಾಡುವ ಬಯಲಿಗೆ ತಂದು, ಮಕ್ಕಳನ್ನು ದೂರವಿರಿಸಿರಿ. ಪ್ಲಗ್ಗನ್ನು ಒರಸಿ ಅದರ ಟೊಪ್ಪಿಗೆಗೆ ಸಿಕ್ಕಿಸಿ, ಪ್ಲಗ್ಗಿನ ಲೋಹದ ಮೈಯು ಇಂಜಿನ್ನಿನ ಬರಿಯ ಲೋಹವನ್ನು ಮುಟ್ಟುವಂತೆ ಮಲಗಿಸಿ ಕಿಕ್ಕರನ್ನು ಒದೆಯಬೇಕು. ಪ್ಲಗ್ಗು ಬಿಚ್ಚಿದ ರಂಧ್ರದಿಂದ ಪೆಟ್ರೋಲಿನ ಆವಿಯು ಹೊರಗೆ ಚಿಮ್ಮುವುದರಿಂದ ಪ್ಲಗ್ಗನ್ನು ಆ ರಂಧ್ರದ ಹತ್ತಿರ ಇಡಕೂಡದು. ರಂಧ್ರಕ್ಕೆ ಬಟ್ಟೆಯನ್ನು ತುರುಕುವುದು ಒಳ್ಳೆಯದು. ಪ್ಲಗ್ಗನ್ನು ಬರಿಗೈಯಲ್ಲಿ ಹಿಡಿಯಲೂ ಬಾರದು. ಚಟಚಟನೆ ನೀಲಿಯ ಕಿಡಿಯು ಕಂಡರೆ ವಿದ್ಯುತ್ತಿನ ದಾರಿಯು ಬಹುಪಾಲು ನೆಟ್ಟಗಿದೆ. ತೆಳ್ಳಗೆ ಕೆಂಪಗೆ ಕಂಡರೆ ಅದು ದುರ್ಬಲವಾದ ಕಿಡಿ. ಏನೂ ಕಾಣದಿದ್ದರೆ ಬೇರೊಂದು ಒಳ್ಳೆಯ ಪ್ಲಗ್ಗನ್ನಿಟ್ಟು ಮತ್ತೊಮ್ಮೆ ನೋಡತಕ್ಕದ್ದು. ಎರಡು ಸ್ಟ್ರೋಕಿನ ಇಂಜಿನ್ನು ಪೆಟ್ರೋಲಿನೊಡನೆ ಎಣ್ಣೆಯನ್ನೂ ಸುಡುವುದರಿಂದ, ಮಸಿಯ ಒಂದು ಎಳೆಯು ಪ್ಲಗ್ಗಿನ ಸಂದಿಗೆ ಸೇತುವೆಯಂತೆ ಅಡ್ಡವಾಗಿ ಕುಳಿತು ಕಿಡಿಯನ್ನೇ ಇಲ್ಲವಾಗಿಸುವುದುಂಟು. ಉಗುರಿನಿಂದ ಅದನ್ನು ಕೆಡವಿದರೆ ರೋಗವು ಅಲ್ಲಿಗೇ ಮುಗಿಯಿತು. ಸಂದಿಯನ್ನು ೦.೬ ಮಿಲಿಮೀಟರಿನ ಸುಮಾರಿಗೆ ಇಡುವುದು ವಾಡಿಕೆ.

ಆರು ವೋಲ್ಟಿನ ಸಂಸಾರ

ಹಳೆಯ ವಾಹನದ ಕಷ್ಟಗಳಿಗೆ ಮುಖ್ಯ ಕಾರಣವು ಅದರ ಆರು ವೋಲ್ಟಿನ ಬಡತನವೇ ಆಗಿದೆ. ೩೫ ವ್ಯಾಟಿನ ತಲೆದೀಪವು ಹನ್ನೆರಡು ವೋಲ್ಟಿನ ವಾಹನದಲ್ಲಿ ಮೂರು ಆಂಪೇರಿಗಿಂತ ಕಡಮೆ ಪ್ರವಾಹವನ್ನು ಬೇಡಿದರೆ, ಆರು ವೋಲ್ಟಿನಲ್ಲಿ ಹೆಚ್ಚುಕಡಮೆ ಆರು ಆಂಪೇರನ್ನು ಬೇಡುವುದು. ಪ್ರವಾಹವು ಇಮ್ಮಡಿಯಾದರೆ ಕೆಟ್ಟ ಜೋಡಣೆಯಲ್ಲಿ ಸೋರಿಹೋಗುವ ವೋಲ್ಟೂ ಇಮ್ಮಡಿಯಾಗುವುದು. ಹನ್ನೆರಡರಲ್ಲಿ ಒಂದು ವೋಲ್ಟು ಹೋದರೆ ಸಹಿಸಬಹುದು. ಆರರಲ್ಲಿ ಒಂದು ಹೋದರೆ ಸಂಸಾರ ಸಾಗದು. ಆದಕಾರಣ ಆರು ವೋಲ್ಟಿನ ವಾಹನದಲ್ಲಿ ಪ್ರತಿಯೊಂದು ತಿರುಪೂ ಪ್ರತಿಯೊಂದು ಸಂಧಿಯೂ ಶುಭ್ರವಾಗಿರತಕ್ಕದ್ದು.

ಮೊದಲು ಬ್ಯಾಟರಿ. ಇದರಲ್ಲಿ ಮೂರು ಕೋಣೆಗಳು. ತುಂಬಿದ ಕೋಣೆಯೊಂದಕ್ಕೆ ಸುಮಾರು ೨.೧ ವೋಲ್ಟಿನಂತೆ ಒಟ್ಟು ೬.೩ ವೋಲ್ಟು. ವಿಶ್ರಾಂತಿಯಲ್ಲಿರುವಾಗ ವೋಲ್ಟ್‌ಮೀಟರು ಆರಕ್ಕಿಂತ ಕೆಳಗೆ ತೋರಿಸಿದರೆ ಅದು ಹಸಿದ ಬ್ಯಾಟರಿ. ನೀರು ತಗ್ಗಿದ್ದರೆ ಬಟ್ಟಿಯಿಳಿಸಿದ ನೀರನ್ನು ಮಾತ್ರ ಹಾಕಬೇಕು. ಬಾವಿಯ ನೀರಾಗಲಿ ನಲ್ಲಿಯ ನೀರಾಗಲಿ ಕೂಡದು. ಆಮ್ಲವನ್ನು ನಾವಾಗಿ ಸುರಿಯಲೂ ಕೂಡದು. ತುಂಬುತ್ತಿರುವ ಬ್ಯಾಟರಿಯಿಂದ ಬೇಗನೆ ಹೊತ್ತಿಕೊಳ್ಳುವ ಅನಿಲವು ಹೊರಡುವುದರಿಂದ ಬೀಡಿ, ಬೆಂಕಿಕಡ್ಡಿ, ದೀಪಗಳು ಅದರ ಬಳಿ ಸುಳಿಯಬಾರದು. ತುದಿಗಳಲ್ಲಿ ಬೆಳೆದಿರುವ ಬಿಳಿಯ ಹಿಟ್ಟಿನಂತಹ ಪದಾರ್ಥವನ್ನು ಅಡಿಗೆ ಸೋಡ ಕದಡಿದ ನೀರಿನಿಂದ ತೊಳೆದು ಒರಸಿ, ತಿರುಪುಗಳನ್ನು ಬಿಗಿಮಾಡಿ, ಮೇಲೆ ಸ್ವಲ್ಪ ವ್ಯಾಸಲೀನು ಸವರಬೇಕು. ಆ ನೀರು ಕೋಣೆಗಳೊಳಗೆ ಇಳಿಯದಂತೆ ಎಚ್ಚರವಿರಲಿ. ಬ್ಯಾಟರಿಯ ಯಾವ ತುದಿಯು ವಾಹನದ ಮೈಗೆ ಸೇರಿದೆಯೆಂಬುದನ್ನು ಬಿಚ್ಚುವ ಮುನ್ನವೇ ಬರೆದಿಟ್ಟುಕೊಂಡು ಅದರಂತೆಯೇ ಮತ್ತೆ ಸೇರಿಸತಕ್ಕದ್ದು; ಅದಲುಬದಲಾದರೆ ಅನರ್ಥವಾಗುವುದು.

ಅನಂತರ ಮೈಗೆ ಸೇರುವ ತಂತಿ. ಹಳೆಯ ವಾಹನವನ್ನು ಅಂದಗೊಳಿಸಿ ಹೊಸ ಬಣ್ಣವನ್ನು ಬಳಿಸಿ ತಂದ ಮೇಲೆ ಅದು ಪ್ರಾಣವಿಲ್ಲದಂತಾಗುವುದು ಸಾಮಾನ್ಯವಾದ ದೂರು. ಬಣ್ಣವು ವಿದ್ಯುತ್ತನ್ನು ಹಾಯಗೊಡದು. ಚೌಕಟ್ಟಿನ ಯಾವ ತಾಣದಲ್ಲಿ ತಂತಿಯು ಲೋಹವನ್ನು ಮುಟ್ಟಬೇಕೋ ಅಲ್ಲಿ ಬಣ್ಣವೇ ಗೋಡೆಯಾಗಿ ನಿಲ್ಲುವುದು. ಆ ತಾಣವನ್ನು ಉಪ್ಪುಕಾಗದದಿಂದ ಉಜ್ಜಿ ಹೊಳೆಯುವ ಲೋಹವನ್ನು ಕಾಣಿಸಿ ತಂತಿಯನ್ನು ಬಿಗಿದರೆ, ಸಾವಿರಾರು ರೂಪಾಯಿಯ ದುರಸ್ತಿಯು ಒಂದು ಚೂರು ಉಪ್ಪುಕಾಗದದಲ್ಲಿ ಮುಗಿಯಬಹುದು.

ಬಲ್ಬಿನ ಸಾಕ್ಷಿ

ಈಗ ನಮ್ಮ ಮುಖ್ಯ ಉಪಕರಣಕ್ಕೆ ಬರೋಣ. ಆರು ವೋಲ್ಟು ಮೂರು ವ್ಯಾಟಿನ ಚಿಕ್ಕ ಬಲ್ಬೊಂದಕ್ಕೆ ಎರಡು ಮೊಳದಷ್ಟು ಉದ್ದದ ಎರಡು ತಂತಿಗಳನ್ನು ಸೇರಿಸಿಕೊಳ್ಳಿರಿ. ಒಂದು ತಂತಿಯನ್ನು ಇಂಜಿನ್ನಿನ ಶುಭ್ರವಾದ ಲೋಹಕ್ಕೆ ಸಿಕ್ಕಿಸತಕ್ಕದ್ದು. ಇನ್ನೊಂದರ ತುದಿಯು ನಮ್ಮ ಕೈಯ ಸೋಂಕುಕೋಲು. ಬ್ಯಾಟರಿಯ ಯಾವ ಧ್ರುವವು ಮೈಗೆ ಸೇರಿದ್ದರೂ ಬಲ್ಬಿಗೆ ಅದರಿಂದ ಭೇದವಿಲ್ಲ.

ಪಾಯಿಂಟುಗಳ ನಡುವೆ ಒಣಗಿದ ದಪ್ಪ ಕಾಗದದ ಚೂರೊಂದನ್ನು ತೂರಿಸಿ ಅವು ಒಂದನ್ನೊಂದು ಮುಟ್ಟದಂತೆ ಮಾಡಿ, ಕೀಲಿಯನ್ನು ತಿರುಗಿಸಿರಿ. ಮೈಗೆ ಸೇರದ ಬ್ಯಾಟರಿಯ ತುದಿಯನ್ನು ಮೊದಲು ಸೋಂಕಿರಿ, ಬಲ್ಬು ಬೆಳಗಬೇಕು. ಇಲ್ಲಿಯೇ ಬೆಳಗದಿದ್ದರೆ ಬ್ಯಾಟರಿಯದೋ ಮರಳುವ ದಾರಿಯದೋ ದೋಷ. ಮುಂದೆ ಫ್ಯೂಸಿನ ಆಚೆಯ ತುದಿ. ಅನಂತರ ಕೀಲಿಯಿಂದ ಕಾಯಿಲಿಗೆ ಹೊರಡುವ ತಂತಿ. ಆಮೇಲೆ ಕಾಯಿಲಿನ ಒಳಬರುವ ತಿರುಪು. ಆಮೇಲೆ ಹೊರಹೋಗುವ ತಿರುಪು. ಕಡೆಯಲ್ಲಿ ಪಾಯಿಂಟಿನ ಚಲಿಸುವ ತೋಳು. ಹೀಗೆ ಒಂದೊಂದೇ ಮೆಟ್ಟಿಲನ್ನು ಇಳಿಯುತ್ತ ಹೋದರೆ, ಬಲ್ಬು ಎಲ್ಲಿ ಕಡೆಯ ಸಲ ಬೆಳಗಿತೋ ಎಲ್ಲಿ ಮೊದಲ ಸಲ ಬೆಳಗಲಿಲ್ಲವೋ ಅವೆರಡರ ನಡುವೆಯೇ ಕಳ್ಳನಿರುವನು. ಇದರಲ್ಲಿ ಊಹೆಗೆ ಎಡೆಯೇ ಇಲ್ಲ.

ಒಂದು ಅಪವಾದವನ್ನು ಮಾತ್ರ ನೆನಪಿಡಬೇಕು. ಕಾಯಿಲಿನ ಒಳಬರುವ ತಿರುಪಿನಲ್ಲಿ ಬೆಳಗಿ ಹೊರಹೋಗುವಲ್ಲಿ ಬೆಳಗದಿದ್ದರೆ, ಕಾಯಿಲ್ ಕಡಿದಿರಬಹುದು. ಅಥವಾ ಕಾಗದವನ್ನಿಟ್ಟಿದ್ದರೂ ವಿದ್ಯುತ್ತು ಬೇರೆಲ್ಲಿಯೋ ಮೈಗೆ ಸೋರಿಹೋಗುತ್ತಿರಬಹುದು. ಆ ಹೊರತಿರುಪಿನ ತಂತಿಯನ್ನು ಬಿಚ್ಚಿ ತಿರುಪನ್ನು ಮಾತ್ರ ಸೋಂಕಿ ನೋಡಿರಿ. ಈಗ ಬೆಳಗಿದರೆ ಕಾಯಿಲ್ ನಿರ್ದೋಷಿ, ಸೋರಿಕೆಯು ಮುಂದಿದೆ. ತಂತಿಯನ್ನು ಮತ್ತೆ ಸೇರಿಸಿ, ಕಂಡೆನ್ಸರಿನ ತಂತಿಯನ್ನು ಬಿಚ್ಚಿದಾಗ ಬಲ್ಬು ಬೆಳಗಿದರೆ ಕಂಡೆನ್ಸರು ಒಳಗೇ ಕೂಡಿಕೊಂಡಿದೆಯೆಂದು ಅರ್ಥ. ಆಗಲೂ ಬೆಳಗದಿದ್ದರೆ ಪಾಯಿಂಟಿನ ತೋಳನ್ನು ಮೈಯಿಂದ ಬೇರ್ಪಡಿಸುವ ಫೈಬರಿನ ಬಿಲ್ಲೆಯು ಹಿಂದುಮುಂದಾಗಿ ಕುಳಿತಿರಬಹುದು. ಇಲ್ಲವೆ ತಂತಿಯ ಹೊದಿಕೆಯು ಎಲ್ಲಿಯೋ ಸವೆದು ಮೈಯನ್ನು ಮುಟ್ಟುತ್ತಿರಬಹುದು.

ಎಲ್ಲ ಕಡೆಯೂ ಬೆಳಗಿತೆನ್ನಿ. ಕಾಗದವನ್ನು ತೆಗೆದು, ಸೋಂಕುಕೋಲನ್ನು ಚಲಿಸುವ ತೋಳಿನ ಮೇಲೆಯೇ ಇಟ್ಟು ಇಂಜಿನ್ನನ್ನು ಮೆಲ್ಲಗೆ ತಿರುಗಿಸಿರಿ. ಪಾಯಿಂಟು ತೆರೆದಾಗ ಬಲ್ಬು ಬೆಳಗಿ, ಮುಚ್ಚಿದಾಗ ಆರಬೇಕು. ಮುಚ್ಚಿದಾಗಲೂ ಆರದಿದ್ದರೆ ಪಾಯಿಂಟುಗಳ ಮುಖದಲ್ಲಿ ಕೊಳೆ ಕುಳಿತಿದೆ.

ಬಲ್ಬಿನ ಸಾಕ್ಷಿಗೂ ಒಂದು ಮಿತಿಯುಂಟು. ಅದು ಬೇಡುವುದು ಅರ್ಧ ಆಂಪೇರು ಮಾತ್ರ. ಕಾಯಿಲ್ ಅದರ ಹಲವು ಪಟ್ಟನ್ನು ಬೇಡುವುದು. ಒಂದೇ ಎಳೆಯು ಉಳಿದಿರುವ ತಂತಿಯು ಬಲ್ಬನ್ನು ಬೆಳಗಿಸಿ ನಮ್ಮನ್ನು ಮೋಸಗೊಳಿಸಬಲ್ಲದು. ಆದುದರಿಂದ ವೋಲ್ಟ್‌ಮೀಟರಿರುವವರು ಪಾಯಿಂಟು ಮುಚ್ಚಿರುವಾಗ ಕಾಯಿಲಿನ ಒಳಬರುವ ತಿರುಪಿನಲ್ಲಿ ಅಳೆದು ನೋಡಬೇಕು. ಅದೇ ಹೊತ್ತಿನಲ್ಲಿ ಬ್ಯಾಟರಿಯಲ್ಲಿ ಎಷ್ಟಿದೆಯೋ ಅದಕ್ಕಿಂತ ಅರ್ಧ ವೋಲ್ಟು ಕಡಮೆಯಾಗಿದ್ದರೂ ನಡುವಣ ಕೀಲಿಯನ್ನೂ ಸಂಧಿಗಳನ್ನೂ ಶುದ್ಧಿಮಾಡತಕ್ಕದ್ದು. ಹ್ಯಾಂಡಲ್ಲು ತಿರುಗುವೆಡೆಯಲ್ಲಿ ತಂತಿಗಳು ಮಡಿಚಿ ಮಡಿಚಿ ಒಳಗೇ ಕಡಿಯುವುದುಂಟು. ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಹೊರಳಿಸಿದಾಗ ದೀಪವು ಮಿಣುಕಿದರೆ ಅಲ್ಲಿಯೇ ಹುಡುಕಬೇಕು. ಬಹುಕಾಲ ನಿಂತ ವಾಹನದಲ್ಲಿ ಸೀಟಿನ ಕೆಳಗೂ ಟ್ಯಾಂಕಿನ ಕೆಳಗೂ ಇಲಿಯ ಹಲ್ಲಿನ ಗುರುತನ್ನು ನೋಡುವುದನ್ನು ಮರೆಯಬಾರದು.

ಪಾಯಿಂಟು ಮತ್ತು ಕಂಡೆನ್ಸರು

ಜಾವಾದಲ್ಲಿ ಇಂಜಿನ್ನಿನ ಬಲಗಡೆಯ ಮುಚ್ಚಳವನ್ನು ತೆಗೆದರೆ ಡೈನಮೋ, ಪಾಯಿಂಟುಗಳು ಎರಡೂ ಒಟ್ಟಿಗೆ ಕಾಣುವುವು. ಪಾಯಿಂಟುಗಳನ್ನು ಪ್ಲಾಟಿನಂ ಎಂದು ಕರೆಯುವುದು ಹಳೆಯ ರೂಢಿಯಾದರೂ ವಸ್ತುತಃ ಅವುಗಳ ಮುಖವು ಟಂಗ್‌ಸ್ಟನ್ನಿನದು. ನಿಂತ ವಾಹನದಲ್ಲಿ ಆ ಮುಖದ ಮೇಲೆ ಕಣ್ಣಿಗೆ ಕಾಣದ ಪೊರೆಯೊಂದು ಬೆಳೆದು ವಿದ್ಯುತ್ತನ್ನು ತಡೆಯುವುದು. ನವುರಾದ ಅರದಿಂದ ಎರಡು ಸಲ ಮೆಲ್ಲನೆ ಉಜ್ಜಿ, ಪೆಟ್ರೋಲಿನಲ್ಲಿ ಅದ್ದಿದ ಶುಭ್ರವಾದ ಕಾಗದವನ್ನು ನಡುವೆ ಎಳೆದು ಒರಸಿ, ಒಣಗಗೊಡಬೇಕು. ಬಹಳ ವರ್ಷ ನಿಂತ ವಾಹನಗಳಲ್ಲಿ ಎಷ್ಟೋ ಇಷ್ಟರಿಂದಲೇ ಎಚ್ಚರಗೊಳ್ಳುವುವು.

ಪಾಯಿಂಟು ಪೂರ್ತಿಯಾಗಿ ತೆರೆದಾಗ ಸಂದಿಯು ೦.೪ ಮಿಲಿಮೀಟರಿನಷ್ಟಿರಬೇಕು, ಫೀಲರ್ ಗೇಜಿನ ತಗಡು ಸಡಿಲವಾಗಿಯೂ ಅಲ್ಲದೆ ಬಿಗಿಯಾಗಿಯೂ ಅಲ್ಲದೆ ಜಾರಬೇಕು. ಸಂದಿಯು ಬದಲಾದರೆ ಕಿಡಿಯು ಹಾರುವ ಗಳಿಗೆಯೂ ಬದಲಾಗುವುದರಿಂದ, ಸಂದಿಯನ್ನು ಮೊದಲು ಸರಿಪಡಿಸಿ ಟೈಮಿಂಗನ್ನು ಅನಂತರ ನೋಡತಕ್ಕದ್ದೇ ಹೊರತು ಅದಕ್ಕೆ ವಿಪರೀತವಾಗಿ ಅಲ್ಲ. ಪಿಸ್ಟನ್ನು ಮೇಲ್ತುದಿಯನ್ನು ಮುಟ್ಟುವುದಕ್ಕೆ ಕೆಲವು ಮಿಲಿಮೀಟರು ಮುಂಚೆಯೇ ಕಿಡಿಯು ಹಾರಬೇಕು. ಆ ಅಳತೆಯು ಆಯಾ ಮಾದರಿಯ ಕೈಪಿಡಿಯಲ್ಲಿರುವುದು. ಪಾಯಿಂಟು ತೆರೆಯುವ ಗಳಿಗೆಯನ್ನು ಹೇಳಲು ಮೇಲಿನ ಬಲ್ಬೇ ಸಾಕು. ಕಿಡಿಯು ಬಹಳ ಮುಂಚಿತವಾದರೆ ಕಿಕ್ಕರು ತಿರುಗಿ ಕಾಲಿಗೆ ಹೊಡೆಯುವುದು. ತಡವಾದರೆ ಇಂಜಿನ್ನು ಸೊರಗಿ ಬಿಸಿಯೇರುವುದು. ಪಾಯಿಂಟುಗಳು ಒರಸಿದಷ್ಟೂ ಎಣ್ಣೆಯಾಗುತ್ತಿದ್ದರೆ ಒಳಗಿನ ಆಯಿಲ್ ಸೀಲು ಸವೆದಿರಬಹುದು. ಅದು ಮೆಕ್ಯಾನಿಕ್ಕಿನ ಕೆಲಸ.

ಕಂಡೆನ್ಸರೆಂಬುದು ಹೆಬ್ಬೆರಳಿನಷ್ಟು ದಪ್ಪದ ಡಬ್ಬಿ. ಪಾಯಿಂಟು ತೆರೆಯುವಾಗ ಅಲ್ಲಿಯೇ ಕಿಡಿಯಾಗಿ ಹಾಳಾಗಬಹುದಾದ ಶಕ್ತಿಯನ್ನು ಅದು ಒಂದು ಕ್ಷಣ ತನ್ನಲ್ಲಿಟ್ಟುಕೊಂಡು ಪ್ರವಾಹವನ್ನು ತಟಕ್ಕನೆ ಕಡಿಯಲು ನೆರವಾಗುವುದು. ಅದು ಕೆಟ್ಟಾಗ ಪಾಯಿಂಟುಗಳಲ್ಲಿ ದೊಡ್ಡ ಕಿಡಿ, ಪ್ಲಗ್ಗಿನಲ್ಲಿ ಸಣ್ಣ ಕಿಡಿ. ಹೊಸ ಪಾಯಿಂಟುಗಳು ಕೆಲವೇ ದಿನಗಳಲ್ಲಿ ಸುಟ್ಟು ಕುಳಿಬಿದ್ದರೆ, ಮೂರನೆಯ ಸಲ ಪಾಯಿಂಟನ್ನು ಕೊಳ್ಳದೆ ಕಂಡೆನ್ಸರನ್ನು ಕೊಳ್ಳಬೇಕು.

ಬಿಸಿಯಾದರೆ ನಿಲ್ಲುವ ವಾಹನ

ತಣ್ಣಗಿರುವಾಗ ಒಂದೇ ಒದೆಗೆ ಹೊರಟು, ಐದಾರು ಮೈಲಿಯ ಮೇಲೆ ನಿಂತು, ಅರ್ಧ ಗಂಟೆಯ ವಿಶ್ರಾಂತಿಯ ನಂತರ ಮತ್ತೆ ಹೊರಡುವುದೆಂಬುದು ಎಲ್ಲಕ್ಕಿಂತ ಮನಸ್ಸನ್ನು ಕೆಡಿಸುವ ರೋಗ. ಗ್ಯಾರೇಜಿಗೆ ಮುಟ್ಟುವಷ್ಟರಲ್ಲಿ ವಾಹನವು ತಣ್ಣಗಾಗಿ ಸಾಧುವಿನಂತೆ ವರ್ತಿಸುವುದರಿಂದ ಇದನ್ನು ಹಿಡಿಯುವುದು ಕಷ್ಟ. ನಿಂತ ಕ್ಷಣದಲ್ಲಿಯೇ, ನಿಂತ ಸ್ಥಳದಲ್ಲಿಯೇ ಪರೀಕ್ಷಿಸಬೇಕು. ಮೊದಲು ಪೆಟ್ರೋಲು ಟ್ಯಾಂಕಿನ ಮುಚ್ಚಳವನ್ನು ತೆರೆಯಿರಿ. ಉಸ್ಸೆಂದು ಗಾಳಿಯು ಒಳಕ್ಕೆ ಹೊಕ್ಕು, ಒಡನೆಯೇ ವಾಹನವು ಹೊರಟರೆ ಅದು ವಿದ್ಯುತ್ತಿನ ದೋಷವೇ ಅಲ್ಲ. ಮುಚ್ಚಳದಲ್ಲಿರುವ ಗಾಳಿಯ ರಂಧ್ರವು ಕಟ್ಟಿಕೊಂಡು ಪೆಟ್ರೋಲು ಇಳಿಯದಾಗಿದೆ. ಈ ರಂಧ್ರಕ್ಕೆ ಒಂದು ಸೂಜಿಯನ್ನು ಹಾಕುವ ಬದಲು ಕಾಯಿಲನ್ನು ಬದಲಾಯಿಸಿದರೆ ಫಲವೇನು? ಹಾಗಾಗದೆ, ಬಿಸಿಯಲ್ಲಿ ಪ್ಲಗ್ಗಿನ ಕಿಡಿಯು ಸೊರಗಿ, ತಣಿದ ಮೇಲೆ ಮರಳಿ ಬಂದರೆ, ಆಗ ಕಂಡೆನ್ಸರನ್ನೂ ಕಾಯಿಲನ್ನೂ ಅನುಮಾನಿಸತಕ್ಕದ್ದು. ಕಂಡೆನ್ಸರಿನ ಬೆಲೆ ಅಲ್ಪವಾದುದರಿಂದ ಅದನ್ನು ಮೊದಲು ಬದಲಿಸಿ ನೋಡುವುದು ವಿವೇಕ.

ಕಾಯಿಲನ್ನು ಕೊಲ್ಲುವ ಒಂದು ಅಭ್ಯಾಸವು ಮನೆಯಲ್ಲಿಯೇ ಇರುವುದು. ಇಂಜಿನ್ನು ನಿಂತ ಮೇಲೆ ಕೀಲಿಯನ್ನು ತೆಗೆಯದೆ ಬಿಟ್ಟರೆ, ಪಾಯಿಂಟುಗಳು ಮುಚ್ಚಿದ ಸ್ಥಿತಿಯಲ್ಲಿದ್ದ ಪಕ್ಷದಲ್ಲಿ ಕಾಯಿಲಿನಲ್ಲಿ ಪ್ರವಾಹವು ಹರಿಯುತ್ತಲೇ ಇದ್ದು ಅದು ಕಾದು ಒಳಗಿನ ಹೊದಿಕೆಯು ಬೇಯುವುದು, ಬ್ಯಾಟರಿಯೂ ಬರಿದಾಗುವುದು. ಮಕ್ಕಳು ವಾಹನದ ಮೇಲೆ ಕುಳಿತು ಕೀಲಿಯನ್ನು ತಿರುಗಿಸಿ ಆಡದಂತೆ ಅದನ್ನು ಮೊಳೆಗೆ ತೂಗುಹಾಕುವುದು ಒಳ್ಳೆಯದು. ಮಳೆಗಾಲದಲ್ಲಿ ಮಾತ್ರ ಕಾಣುವ ತೊಂದರೆಯಾದರೆ ಪ್ಲಗ್ಗಿನ ದಪ್ಪ ತಂತಿಯನ್ನೂ ಟೊಪ್ಪಿಗೆಯನ್ನೂ ಕತ್ತಲೆಯಲ್ಲಿ ನೋಡಿರಿ. ಬಿರುಕಿನಿಂದ ಸೋರುವ ವಿದ್ಯುತ್ತು ನೀಲಿಯ ಮಿಂಚಾಗಿ ತನ್ನನ್ನು ತಾನೇ ತೋರಿಸಿಕೊಳ್ಳುವುದು.

ಬ್ಯಾಟರಿಯು ಮರಳಿ ಮರಳಿ ಬರಿದಾದರೆ

ಹಗೇವು ತುಂಬದಿದ್ದರೆ ಹಗೇವನ್ನು ಬದಲಾಯಿಸಿ ಫಲವಿಲ್ಲ, ದುಡಿಯುವವನನ್ನು ವಿಚಾರಿಸಬೇಕು. ಇಂಜಿನ್ನು ಚುರುಕಾಗಿ ಓಡುತ್ತಿರುವಾಗ ಬ್ಯಾಟರಿಯ ತುದಿಗಳಲ್ಲಿ ಏಳು ವೋಲ್ಟಿನ ಆಸುಪಾಸಿನಷ್ಟು ಕಾಣಬೇಕು. ಆರರಲ್ಲಿಯೇ ನಿಂತರೆ ಡೈನಮೋ ತುಂಬುತ್ತಿಲ್ಲ. ಅದರ ಕಾರ್ಬನ್ ಬ್ರಶ್ಶುಗಳು ಸವೆದು ಗಿಡ್ಡವಾಗಿರಬಹುದು, ಅಥವಾ ಕಾರ್ಬನ್ನಿನ ಧೂಳಿನಲ್ಲಿ ಸಿಕ್ಕಿಕೊಂಡು ತಾಮ್ರದ ಉರುಳೆಯನ್ನು ಒತ್ತದೆ ಇರಬಹುದು. ಬ್ಯಾಟರಿಯ ತಂತಿಯನ್ನು ಬಿಚ್ಚಿ, ಬ್ರಶ್ಶುಗಳು ತಮ್ಮ ಗೂಡಿನಲ್ಲಿ ಸಲೀಸಾಗಿ ಜಾರುವಂತೆ ಮಾಡಿ, ಉರುಳೆಯನ್ನು ಪೆಟ್ರೋಲಿನ ಬಟ್ಟೆಯಿಂದ ಒರಸುವುದು ಗೃಹಸ್ಥನೇ ಮಾಡಬಹುದಾದ ಕೆಲಸ. ಒರಸಿದ್ದು ಪೂರ್ತಿಯಾಗಿ ಆರುವವರೆಗೆ ಇಂಜಿನ್ನನ್ನು ತಿರುಗಿಸಬಾರದು. ಕಟೌಟಿನ ಒಳಗಿನ ಸ್ಪ್ರಿಂಗುಗಳನ್ನಾಗಲಿ ಆರ್ಮೇಚರಿನ ಸುತ್ತುಗಳನ್ನಾಗಲಿ ಬಲ್ಲವರಿಗೇ ಬಿಡತಕ್ಕದ್ದು. ಇಂಜಿನ್ನು ನಿಂತ ಮೇಲೂ ಡೈನಮೋ ಬಿಸಿಯೇರುತ್ತಿದ್ದರೆ ಕಟೌಟಿನ ಸಂಪರ್ಕವು ಅಂಟಿಕೊಂಡಿದೆಯೆಂದು ತಿಳಿದು ತಡಮಾಡದೆ ಬ್ಯಾಟರಿಯನ್ನು ಬಿಚ್ಚಬೇಕು.

ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳದೆ ಇರಲಾರೆವು. ಫ್ಯೂಸು ಪದೇ ಪದೇ ಸುಡುತ್ತದೆಂದು ಅದಕ್ಕೆ ಸಿಗರೇಟಿನ ಬೆಳ್ಳಿಯ ಕಾಗದವನ್ನು ಸುತ್ತುವುದು, ದಪ್ಪ ತಂತಿಯನ್ನು ಕಟ್ಟುವುದು ರಸ್ತೆಯ ಬದಿಯಲ್ಲಿ ಕಾಣುವ ಜಾಣತನ. ಫ್ಯೂಸು ಸುಡುವುದು ಮನೆಯ ಕಾವಲುಗಾರನು ಕೂಗಿದಂತೆ. ಅವನ ಬಾಯಿಗೆ ಬಟ್ಟೆ ತುರುಕಿದರೆ ಕಳ್ಳನು ಹೋಗುವನೇ? ಆಗ ಸುಡುವುದು ಫ್ಯೂಸಿನ ಬದಲು ಪೆಟ್ರೋಲು ಟ್ಯಾಂಕಿನ ಕೆಳಗೆ ಹಾಯ್ದಿರುವ ತಂತಿ. ಹೆಂಡತಿಮಕ್ಕಳನ್ನು ಕೂರಿಸಿಕೊಂಡು ಹೋಗುವ ವಾಹನದಲ್ಲಿ ಈ ಸಾಹಸವು ಸಲ್ಲದು. ಹಾಗೆಯೇ ಬ್ಯಾಟರಿಯು ಕ್ಷೀಣವಾಗಿದೆಯೆಂದು ತಿಳಿದೂ ಸಂಜೆಯ ಮೇಲೆ ದೂರದ ಪಯಣಕ್ಕೆ ಹೊರಡಬಾರದು. ದೀಪವು ಆರಿದ ವಾಹನವು ಹಿಂದಿನಿಂದ ಬರುವ ಲಾರಿಯವನ ಕಣ್ಣಿಗೆ ಇಲ್ಲವೇ ಇಲ್ಲ.

ಕಡೆಯದಾಗಿ ಒಂದು ಸೂಚನೆ. ಉಪಕರಣಗಳ ಪೆಟ್ಟಿಗೆಯಲ್ಲಿ ಒಂದು ಚಿಕ್ಕ ಪುಸ್ತಕವನ್ನು ಇಟ್ಟುಕೊಂಡು, ಯಾವ ದಿನ ಯಾವ ಪರೀಕ್ಷೆ ನಡೆಯಿತು, ಬಲ್ಬು ಎಲ್ಲಿ ಬೆಳಗಿತು, ಎಷ್ಟು ವೋಲ್ಟು ಕಂಡಿತು, ಏನನ್ನು ಬದಲಾಯಿಸಲಾಯಿತು ಎಂಬುದನ್ನು ಬರೆದಿಡತಕ್ಕದ್ದು. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು; ಮೂರನ್ನು ಒಟ್ಟಿಗೆ ಬದಲಾಯಿಸಿದರೆ ಗುಣವಾದದ್ದು ಯಾವುದರಿಂದೆಂದು ಗೊತ್ತಾಗದು. ನಮ್ಮಿಂದ ಆಗದ ಕೆಲಸಕ್ಕೆ ಮೆಕ್ಯಾನಿಕ್ಕಿನ ಬಳಿಗೆ ಹೋದಾಗಲೂ ಈ ಪುಸ್ತಕವನ್ನು ಮುಂದಿಟ್ಟರೆ ಅವನ ಶ್ರಮವೂ ನಮ್ಮ ಹಣವೂ ಉಳಿಯುವುದು. ಹಿರಿಯರು ಬರೆದಿಟ್ಟ ಇಂತಹ ಪುಸ್ತಕವು ಮನೆಯಲ್ಲಿದ್ದರೆ ಅದರ ಬೆಲೆಯು ಹೊಸ ಕಾಯಿಲಿಗಿಂತ ಹೆಚ್ಚೆಂದೇ ನಾವು ಭಾವಿಸುವೆವು. ಗುಜರಿಯವನನ್ನು ಕರೆಯುವ ಮುನ್ನ ನಮ್ಮ ವಾಚಕರು ಬಲ್ಬನ್ನೂ ಕಾಗದದ ಚೂರನ್ನೂ ಹಿಡಿದು ಒಂದು ಭಾನುವಾರವನ್ನು ಈ ಹಳೆಯ ಸೇವಕನಿಗೆ ಕೊಟ್ಟು ನೋಡಲಿ.

ಮುಂದಿನ ಸಂಚಿಕೆಯಲ್ಲಿ ಪೆಟ್ರೋಲು ಟ್ಯಾಂಕಿನ ಒಳಗೆ ಹಿಡಿಯುವ ತುಕ್ಕನ್ನು ಕುರಿತು ವಿಚಾರಮಾಡುವೆವು.